ಪ್ರತಿಕ್ರಿಯೆ: ತಾಯಿ ಮರಣ ಪರಿಶೀಲನೆಯಲ್ಲಿ ಹೇಳಿದ್ದು ಹೊರಗೆ ಹೋಗುತ್ತದಾ?

ಹೆರಿಗೆಯಾದ ಎಂಟನೇ ದಿನ ನಿಮ್ಮ ಅತ್ತಿಗೆ ತೀರಿಕೊಂಡರು ಎಂದು ಓದಿ ತುಂಬ ಸಂಕಟವಾಯಿತು. ಆರೋಗ್ಯ ಕಾರ್ಯಕರ್ತೆಯರಿಗೆ ಹೇಳಿದ್ದು ಊರಿಗೆಲ್ಲ ಗೊತ್ತಾಗುತ್ತದಾ, ಅದರಿಂದ ಡಾಕ್ಟರಿಗೆ ಶಿಕ್ಷೆ ಆಗುತ್ತದಾ ಎಂದು ಕೇಳಿದ್ದೀರಿ, ಅಲ್ವಾ?

ತಾಯಿ ಯಾಕೆ ತೀರಿಕೊಂಡರು ಎಂದು ಆರೋಗ್ಯ ಇಲಾಖೆಯವರು ಮನೆಯವರನ್ನು ಕೇಳಿ ತಿಳಿಯುವುದೇ ತಾಯಿ ಮರಣ ಪರಿಶೀಲನೆ. ಹೆರಿಗೆಯಾಗಿ 42 ದಿನದೊಳಗಿನ ಸಾವು ಇದಕ್ಕೆ ಬರುತ್ತದೆ. ಮನೆಯಲ್ಲಿ ಹೇಳಿದ್ದನ್ನು ಗುಟ್ಟಾಗಿ ಇಡಬೇಕು ಎಂಬುದೇ ನಿಯಮ. ಕೇರಳದಲ್ಲಿ 2004ರಿಂದ ಸ್ತ್ರೀರೋಗ ತಜ್ಞರ ಸಂಘ ನಡೆಸುವ ಪರಿಶೀಲನೆಯಲ್ಲಂತೂ ತಾಯಿ, ಡಾಕ್ಟರು, ಆಸ್ಪತ್ರೆ, ಯಾರ ಹೆಸರೂ ಇರುವುದಿಲ್ಲ. ಉದ್ದೇಶ ಶಿಕ್ಷೆಯಲ್ಲ, ಮುಂದಿನ ತಾಯಿ ಉಳಿಯಬೇಕು ಎಂಬುದು.

ಜಿಲ್ಲಾಧಿಕಾರಿಯ ಸಭೆಗೆ ಮನೆಯವರನ್ನೂ ಕರೆಯುತ್ತಾರೆ. ದಯವಿಟ್ಟು ಹೋಗಿ. ನಮ್ಮ ಪಕ್ಕದ ಮನೆಯಲ್ಲೂ ಇಂಥ ಸಾವಾದಾಗ ಆರೋಗ್ಯ ಕಾರ್ಯಕರ್ತೆಯರು ಜಗಲಿಯಲ್ಲಿ ಕೂತು ಕೇಳುವಾಗ ನಾನಿದ್ದೆ. ರಕ್ತ ಹೋಗಲು ಶುರುವಾದದ್ದು ಎಷ್ಟು ಗಂಟೆಗೆ, ಜೀಪು ಸಿಕ್ಕಿದ್ದು ಯಾವಾಗ, ಮಂಗಳೂರು ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂದೆಲ್ಲ ಕೇಳಿದರು. ಮಲಯಾಳದಲ್ಲಿ ತಡವರಿಸುತ್ತಿದ್ದ ಆ ಮನೆಯ ಅಜ್ಜಿ ಕನ್ನಡಕ್ಕೆ ತಿರುಗಿದ ಮೇಲೇ ಎಲ್ಲ ಬಿಡಿಸಿ ಹೇಳಿದ್ದು. ನೀವೂ ಕನ್ನಡದಲ್ಲೇ ಹೇಳಿ, ಬರೆದುಕೊಂಡದ್ದನ್ನು ಓದಿಸಿ ಕೇಳಿ.

ದೂರು ಕೊಡುವ ದಾರಿ ಬೇರೆಯೇ ಇದೆ. ಅದಕ್ಕೆ ಚಿಕಿತ್ಸೆಯ ದಾಖಲೆ ಬೇಕು. ಅರ್ಜಿ ಕೊಟ್ಟರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ. ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.