ಚುನಾವಣಾ ಸಭೆಯಲ್ಲಿ ಪುಕ್ಕಟೆ ರಾಕ್ ಸಂಗೀತ: ಹಾಡು ಕೇಳಿ ಭಾಷಣಕ್ಕೆ ಮೊದಲೇ ಎದ್ದು ಬರಬಹುದಾ?

ಅಮೆರಿಕದಲ್ಲಿ ಓದ್ತಾ ಇದ್ದೀರಿ, ಮತದ ಹಕ್ಕಿಲ್ಲ, ಯಾವ ಪಕ್ಷದ ಗೋಜೂ ಬೇಡ, ಇಷ್ಟದ ಗಾಯಕರನ್ನು ನೋಡಿಕೊಂಡು ಭಾಷಣ ಶುರುವಾಗುವ ಮೊದಲೇ ಹೊರಟುಬಿಟ್ಟರೆ ತಪ್ಪಾ ಅಂತ ಕೇಳಿದ್ದೀರಿ. 2016ರಲ್ಲಿ ನಾನೂ ಇದೇ ಲೆಕ್ಕ ಹಾಕಿಕೊಂಡು ಹೋಗಿದ್ದೆ.

ನವೆಂಬರ್ 7, ಸೋಮವಾರ, ಫಿಲಡೆಲ್ಫಿಯಾ. ಮಾರನೇ ದಿನವೇ ಮತದಾನ. ಇಂಡಿಪೆಂಡೆನ್ಸ್ ಹಾಲ್ ಎದುರಿನ ಬಯಲಿನಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಹಿಲರಿ ಕ್ಲಿಂಟನ್ ಸಭೆ. ಒಬಾಮ ದಂಪತಿ ಬರ್ತಾರೆ, ರಾಕ್ ಗಾಯಕ ಜಾನ್ ಬಾನ್ ಜೋವಿ ಬರ್ತಾರೆ, ಅದೆಲ್ಲ ಇರಲಿ, ನನ್ನ ಇಷ್ಟದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಬರ್ತಾರೆ! ಎರಡು ತಿಂಗಳ ಹಿಂದೆ, ಸೆಪ್ಟೆಂಬರ್ 7ಕ್ಕೆ, ಅದೇ ಊರಿನ ಬೇಸ್‌ಬಾಲ್ ಸ್ಟೇಡಿಯಂನಲ್ಲಿ ಅವರು ನಾಲ್ಕು ಗಂಟೆಗೂ ಜಾಸ್ತಿ ಹಾಡಿದ್ದರು. ಟಿಕೆಟ್ ಕೊಳ್ಳುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ರೂಮಿನಲ್ಲಿ ಕೂತು, ಜನ ಫೋನಿನಲ್ಲಿ ತೆಗೆದು ಹಾಕಿದ್ದ ತುಣುಕುಗಳನ್ನು ನೋಡಿದ್ದೆ. ಈಗ ಅದೇ ಮನುಷ್ಯ ಪುಕ್ಕಟೆ ಹಾಡ್ತಾರೆ ಅಂದರೆ ಬಿಡೋಕಾಗುತ್ತಾ?

ನನ್ನ ತಪ್ಪು ಬ್ಯಾಗ್. ಲ್ಯಾಬಿನಿಂದ ಸೀದಾ ಹೋದೆ, ಬೆನ್ನ ಮೇಲೆ ಬ್ಯಾಗ್, ಒಳಗೆ ಲ್ಯಾಪ್‌ಟಾಪ್. ಹೆಸರು ಕೊಟ್ಟಾಗ ಬಂದ ಇಮೇಲ್‌ನಲ್ಲಿ ಬ್ಯಾಗ್ ತರಬೇಡಿ ಅಂತ ಬರೆದಿತ್ತು. ನಾನು ಜಾಗ ಮತ್ತು ಸಮಯ ನೋಡಿ ಮುಚ್ಚಿಬಿಟ್ಟಿದ್ದೆ. ಸಂಗೀತ ಕಾರ್ಯಕ್ರಮಕ್ಕೆ ಹೊರಟಿದ್ದೇನೆ ಅಂತಲೇ ತಲೆಯಲ್ಲಿ ಕೂತಿದ್ದರಿಂದ ತಪಾಸಣೆ ಅಂದರೆ ಜಿಪ್ ತೆಗೆದು ಒಂದು ಸಲ ಇಣುಕಿ ನೋಡ್ತಾರೆ ಅಷ್ಟೇ ಅಂದುಕೊಂಡಿದ್ದೆ. ಆಗಿನ ಅಧ್ಯಕ್ಷ ಒಬಾಮ ಬರುವ ಸಭೆ ಅದು. ಏರ್‌ಪೋರ್ಟ್‌ನಲ್ಲಿ ಇರುವಂಥ ತಪಾಸಣೆ, ಇಣುಕುವ ಮಾತೇ ಇಲ್ಲ. ಒಂದು ಗಂಟೆಗೂ ಮೇಲೆ ಸಾಲಿನಲ್ಲಿ ನಿಂತು ಹತ್ತಿರ ಬಂದಾಗ ಬ್ಯಾಗ್ ಒಳಗೆ ಬಿಡಲ್ಲ ಅಂದರು. ಬೀದಿದೀಪದ ಕಂಬದ ಬುಡದಲ್ಲಿ ಜನ ಬಿಟ್ಟುಹೋದ ಛತ್ರಿ, ನೀರಿನ ಬಾಟಲಿ, ಒಂದು ತಿಂಡಿ ಡಬ್ಬಿ ರಾಶಿ ಬಿದ್ದಿದ್ದವು. ಲ್ಯಾಪ್‌ಟಾಪ್ ಅಲ್ಲಿ ಹೇಗೆ ಬಿಡಲಿ? ಒಂದು ವರ್ಷದ ಕೆಲಸ ಅದರಲ್ಲಿತ್ತು.

22ನೇ ಸ್ಟ್ರೀಟ್ ಹತ್ತಿರ ಗೆಳೆಯನ ಮನೆ. ಊರಿನ ಬಸ್ಸು, ಸುರಂಗ ರೈಲು ಎಲ್ಲ ವಾರದಿಂದ ಮುಷ್ಕರದಲ್ಲಿ ನಿಂತಿದ್ದು ಅವತ್ತು ಬೆಳಿಗ್ಗೆಯಷ್ಟೇ ಶುರುವಾಗಿದ್ದವು, ನಂಬಿಕೆ ಬರಲಿಲ್ಲ, ನಡೆದೇ ಹೋದೆ. ಹೋಗಿ ಬರಲು ಒಂದು ಗಂಟೆ. ವಾಪಸ್ ಬಂದಾಗ ಸಾಲಿನ ತುದಿಯೇ ಕಾಣಲಿಲ್ಲ.

ಸ್ಪ್ರಿಂಗ್‌ಸ್ಟೀನ್ ಮೂರೇ ಹಾಡು ಹಾಡಿದ್ದು. ಬ್ಯಾಂಡ್ ಇಲ್ಲ, ಒಂದು ಗಿಟಾರ್, ಒಂದು ಹಾರ್ಮೋನಿಕಾ. ಮೊದಲ ಎರಡು ಹಾಡು ಬೇಲಿಯಾಚೆ ಸಾಲಿನಲ್ಲಿ ಕೇಳಿಸಿಕೊಂಡೆ. ಹಾರ್ಮೋನಿಕಾ ಮಾತ್ರ ಸ್ಪಷ್ಟ, ಮಾತುಗಳು ಗಾಳಿಗೆ ಅರ್ಧಂಬರ್ಧ. ಮೂರನೆಯದಕ್ಕೆ ಬೆಲ್ಟ್ ಬಿಚ್ಚಿ ಕೈಯಲ್ಲಿ ಹಿಡಿದು ಮೆಟಲ್ ಡಿಟೆಕ್ಟರ್ ಮುಂದೆ ನಿಂತಿದ್ದೆ. ಒಳಗೆ ಕಾಲಿಟ್ಟಾಗ ಚಪ್ಪಾಳೆ ಕೇಳ್ತಾ ಇತ್ತು. ವೇದಿಕೆ ಖಾಲಿ. ಅಳು ಬಂದುಬಿಟ್ಟಿತ್ತು, ನಿಜ ಹೇಳ್ತೀನಿ.

ದೊಡ್ಡ ಗಾಯಕರು ಕೊನೆಗೆ ಬರ್ತಾರೆ ಅನ್ನೋದು ಟಿಕೆಟ್ ಕಾರ್ಯಕ್ರಮದ ಪದ್ಧತಿ. ಇಲ್ಲಿ ಕೊನೆಗೆ ಬರುವುದು ಅಭ್ಯರ್ಥಿ. ಹಾಡು ಇರುವುದು ಜನ ಸೇರಲಿ, ಚಳಿಯಲ್ಲಿ ನಿಲ್ಲಲಿ ಅಂತ. 2004ರಲ್ಲಿ ಮ್ಯಾಡಿಸನ್ ಊರಿನಲ್ಲಿ ಆಗಿನ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಜಾನ್ ಕೆರಿ ಪರ ಬಂದಾಗಲೂ ಇದೇ ಸ್ಪ್ರಿಂಗ್‌ಸ್ಟೀನ್ ಕೈಬೆರಳೆಣಿಕೆಯ ಹಾಡು ಹಾಡಿದ್ದು. ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆಯಿಲ್ಲ. ನೀವು ಹೋಗ್ತಿರೋದು ಸಂಗೀತ ಕಾರ್ಯಕ್ರಮಕ್ಕಲ್ಲ, ರಾಜಕೀಯ ಸಭೆಗೆ.

ಇನ್ನು ಎದ್ದು ಬರೋದು. ನನ್ನ ಪಕ್ಕ ಒಬ್ಬ ವಯಸ್ಸಾದ ಅಮ್ಮ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಒಬ್ಬ ಹೆಂಗಸು ಅಧ್ಯಕ್ಷೆ ಆಗೋದನ್ನು ಈ ಮಗು ನೋಡಬೇಕು ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳ್ತಾ ಇದ್ದರು. ಅವರೂ ನನ್ನ ಹಾಗೆ ತಡವಾಗಿ ಒಳಗೆ ಬಂದವರು, ಆ ಗಿಡ್ಡ ಅಮ್ಮನಿಗೆ ಮುಂದಿನವರ ಬೆನ್ನು ಬಿಟ್ಟು ಏನೂ ಕಾಣ್ತಿರಲಿಲ್ಲ. ನನ್ನ ಯೋಜನೆಯ ಪ್ರಕಾರ ನಡೆದಿದ್ದರೆ ಮುಂದೆ ನಿಂತು, ಮೂರು ಹಾಡು ಕೇಳಿ, ಅವರಂಥವರನ್ನು ತಳ್ಳಿಕೊಂಡು ಹೊರಗೆ ಬರ್ತಿದ್ದೆ. ಅದು ತಪ್ಪು. ಪೂರ್ತಿ ನಿಲ್ಲೋಕಾಗಲ್ಲ ಅಂದರೆ ಹೋಗಲೇಬೇಡಿ, ದುಡ್ಡು ಕೂಡಿಸಿ ಟಿಕೆಟ್ ತಗೊಳ್ಳಿ. ನಾನು ಕೊನೇವರೆಗೂ ನಿಂತೆ, ಒಬಾಮ ಭಾಷಣ ಇವತ್ತಿಗೂ ಕಿವಿಯಲ್ಲಿದೆ.

ಪಕ್ಷದ ಗೋಜು ಬೇಡ ಅಂದರೂ ತಲೆ ಎಣಿಕೆಗೆ ನೀವು ಸಿಗ್ತೀರಿ. ಅವತ್ತು ಸುಮಾರು 33,000 ಜನ ಅಂತ ಪತ್ರಿಕೆಗಳಲ್ಲಿ ಬಂತು. ಮತವೇ ಇಲ್ಲದ ನಾನೂ ಅದರಲ್ಲಿ ಒಬ್ಬ. ಮಾರನೇ ದಿನ ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯವನ್ನು ಹಿಲರಿ ಸುಮಾರು 44,000 ಮತಗಳಿಂದ ಕಳೆದುಕೊಂಡರು. ಆ ಮಗು ಬಹಳ ದಿನ ನೆನಪಾಗ್ತಿತ್ತು.

ವಿದ್ಯಾರ್ಥಿ ವೀಸಾದಲ್ಲಿ ಸಭೆಗೆ ಹೋಗಬಹುದು, ಅದಕ್ಕೆ ಹೆದರಬೇಡಿ. ಆದರೆ ಪ್ರಚಾರಕ್ಕೆ ದೇಣಿಗೆ ಕೊಡುವಂತಿಲ್ಲ. ಪ್ರಚಾರದವರೇ ಮಾರುವ ಟೀ ಶರ್ಟ್ ಕೊಂಡರೂ ಅದು ದೇಣಿಗೆಯ ಲೆಕ್ಕವೇ. ಹೆಸರು ಕೊಟ್ಟ ಮಾತ್ರಕ್ಕೆ ಜಾಗ ಗ್ಯಾರಂಟಿ ಅಲ್ಲ, ಮೊದಲು ಬಂದವರಿಗೆ ಮೊದಲು. ಗೇಟ್ ತೆರೆಯುವ ಎರಡು ಗಂಟೆ ಮುಂಚೆ ಹೋಗಿ ನಿಲ್ಲಿ. ಫೋನ್, ಐಡಿ, ದಪ್ಪ ಜಾಕೆಟ್ ಸಾಕು. ಬ್ಯಾಗ್ ಮನೆಯಲ್ಲೇ ಇರಲಿ.