ಉಳಿದ 156 ಗಂಟೆ

ಪ್ರೀತಿಯ ತಂಗಿ,

ಅಕ್ಟೋಬರ್ 1ರಿಂದ ಫ್ರಾನ್ಸಿನ ಲ ಪ್ಯುಯಿ ಊರಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಭಾಷಾ ಸಹಾಯಕಿಯಾಗಿ ಸೇರುತ್ತೀಯೆಂದು ಓದಿ ನಗು ಬಂತು. ಹದಿನೈದು ವರ್ಷಗಳ ಹಿಂದೆ ನಾನು ಫ್ರಾನ್ಸಿಗೆ ಬಂದಾಗ ಪೆಟ್ಟಿಗೆ ಇಳಿಸಿದ್ದೂ ಅದೇ ಊರಿನಲ್ಲಿ. ಸಂಬಳ ಸಾಕೇ, ಸಸ್ಯಾಹಾರಿ ಬದುಕಬಹುದೇ, ಮಕ್ಕಳು ಮಾತು ಕೇಳುತ್ತಾರೆಯೇ, ನಾನು ಈ ದೇಶದಲ್ಲೇ ಉಳಿದದ್ದು ಸರಿಯೇ ಎಂದು ನಾಲ್ಕು ಪ್ರಶ್ನೆ ಕೇಳಿದ್ದೀಯೆ. ನೀನು ಕೇಳದೇ ಬಿಟ್ಟದ್ದನ್ನೇ ಮೊದಲು ಹೇಳುತ್ತೇನೆ.

ನಿನಗೆ ವಾರಕ್ಕೆ 12 ಗಂಟೆ ಪಾಠ. ವಾರದಲ್ಲಿ 168 ಗಂಟೆಗಳಿವೆ. ಆ 12 ಗಂಟೆ ಹೇಗೋ ಕಳೆಯುತ್ತದೆ. ಉಳಿದ 156 ಗಂಟೆಯನ್ನು ಏನು ಮಾಡುತ್ತೀ? ನನಗೆ ಶಾಲೆಯ ವಸತಿನಿಲಯದಲ್ಲೇ ಕೋಣೆ ಕೊಟ್ಟಿದ್ದರು. ಶುಕ್ರವಾರ ಸಂಜೆ ಮಕ್ಕಳು ಚಕ್ರದ ಪೆಟ್ಟಿಗೆಗಳನ್ನು ಕಲ್ಲುಹಾಸಿನ ಮೇಲೆ ಗಡಗಡ ಎಳೆದುಕೊಂಡು ಮನೆಗೆ ಹೋಗುತ್ತಿದ್ದರು. ಆ ಸದ್ದು ನಿಂತ ಮೇಲೆ ಸೋಮವಾರದವರೆಗೆ ಇಡೀ ಕಟ್ಟಡಕ್ಕೆ ನಾನೊಬ್ಬಳೇ. ಭಾನುವಾರ ಊರಿನ ಅಂಗಡಿಗಳೂ ಬಾಗಿಲು ಹಾಕಿರುತ್ತಿದ್ದವು. ಅಕ್ಟೋಬರ್ ಕೊನೆಯಲ್ಲಿ ತೂಸಾಂ ಎಂಬ ಸಕಲ ಸಂತರ ಹಬ್ಬದ ಎರಡು ವಾರ ರಜೆ, ಊಟದ ಮನೆಗೂ ಬೀಗ. ಅದೇ ಹೊತ್ತಿಗೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮಧ್ಯಾಹ್ನದ ಚಹಾ ಮುಗಿಯುವುದರೊಳಗೆ ಕತ್ತಲು. ಮನೆಗೆ ಫೋನ್ ಮಾಡಿ ಎಲ್ಲ ಚೆನ್ನಾಗಿದೆ ಎಂದು ಹೇಳಿ, ಇಟ್ಟ ಮೇಲೆ ಅತ್ತಿದ್ದೇನೆ. ಅವ್ವನಿಗೆ ಇವತ್ತಿಗೂ ಇದು ಗೊತ್ತಿಲ್ಲ.

ನನ್ನನ್ನು ಉಳಿಸಿದ್ದು ಸೂಜಿ. ಲ ಪ್ಯುಯಿ ಲೇಸಿಗೆ ಹೆಸರಾದ ಊರು; ದಿಂಬಿನ ಮೇಲೆ ಗುಂಡುಸೂಜಿ ಚುಚ್ಚಿ, ದಾರ ಸುತ್ತಿದ ಮರದ ಕಡ್ಡಿಗಳನ್ನು ಟಕಟಕ ಆಡಿಸಿ ಹೆಣೆಯುತ್ತಾರೆ. ಗುರುವಾರ ಮಧ್ಯಾಹ್ನ ಹಾಗೆ ಕೂಡುತ್ತಿದ್ದ ಹಿರಿಯ ಹೆಂಗಸರ ನಡುವೆ ಹೋಗಿ ಕುಳಿತೆ. ಅವರ ಕೈಚಳಕ ನನಗೆ ಹತ್ತಲಿಲ್ಲ. ಒಂದು ದಿನ ಧಾರವಾಡದಿಂದ ತಂದಿದ್ದ ಕಸೂತಿಯ ಬಟ್ಟೆ ತೋರಿಸಿದೆ. ಎಳೆ ಎಣಿಸಿ ಹಾಕುವ ಹೊಲಿಗೆ, ಗಂಟು ಇರುವುದಿಲ್ಲ ಎಂದೆ. ಅವರು ನಂಬಲಿಲ್ಲ. ಬಟ್ಟೆಯನ್ನು ಮಗುಚಿ, ಕನ್ನಡಕ ಏರಿಸಿ, ಗಂಟು ಹುಡುಕಿದರು. ಸಿಗಲಿಲ್ಲ. ಅಂದಿನಿಂದ ನನ್ನ ಪಕ್ಕದ ಕುರ್ಚಿ ಖಾಲಿ ಇರಲಿಲ್ಲ. ನನ್ನ ಫ್ರೆಂಚ್ ತಿದ್ದಿದವರು ಅವರೇ, ಅದೂ ನಿರ್ದಾಕ್ಷಿಣ್ಯವಾಗಿ. ನೀನು ಸೂಜಿಯನ್ನೇ ಹಿಡಿಯಬೇಕೆಂದಿಲ್ಲ. ಹಾಡುವ ಗುಂಪೋ ಬೆಟ್ಟ ಹತ್ತುವ ಗುಂಪೋ ಆದೀತು. ಆದರೆ ಮೊದಲ ಹದಿನೈದು ದಿನಗಳಲ್ಲೇ ಸೇರಿಬಿಡು. ನವೆಂಬರಿನಲ್ಲಿ ಹೊಸ ಬಾಗಿಲು ತಟ್ಟುವ ಶಕ್ತಿ ಇರುವುದಿಲ್ಲ.

ಈಗ ಹಣ. ಕೈಗೆ ಬರುವುದು ತಿಂಗಳಿಗೆ ಸುಮಾರು 800 ಯೂರೋ. ಶಾಲೆಯಲ್ಲೇ ಕೋಣೆ ಸಿಕ್ಕರೆ ಸಾಕು, ಪ್ಯಾರಿಸಿನಲ್ಲಾಗಿದ್ದರೆ ಸಾಲುತ್ತಿರಲಿಲ್ಲ. ಮೊದಲ ಸಂಬಳ ಬರುವವರೆಗಿನ ಖರ್ಚನ್ನು ಊರಿನಿಂದಲೇ ತಾ. ಬ್ಯಾಂಕಿನವರು ಖಾತೆ ತೆರೆಯಲು ಮನೆ ವಿಳಾಸದ ಪುರಾವೆ ಕೇಳಿದರು, ವಸತಿನಿಲಯದವರು ಬ್ಯಾಂಕ್ ಖಾತೆಯ ವಿವರ ಕೇಳಿದರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು! ಕೊನೆಗೆ ಶಾಲೆಯ ಕಚೇರಿ ಬರೆದುಕೊಟ್ಟ ವಸತಿ ಪತ್ರದಿಂದ ಗಂಟು ಬಿಚ್ಚಿತು. ನೀನು ಬಂದ ದಿನವೇ ಅದನ್ನು ಕೇಳಿ ಪಡೆ. ದೀರ್ಘಾವಧಿ ವೀಸಾವನ್ನು ಮೂರು ತಿಂಗಳೊಳಗೆ ಆನ್‌ಲೈನಿನಲ್ಲಿ ದೃಢಪಡಿಸಬೇಕು, ಮರೆಯಬೇಡ. ಜನನ ಪ್ರಮಾಣಪತ್ರವನ್ನೂ ತಾ.

ಹೆಸರಿನ ವಿಷಯ ಬೇರೆ. ನನ್ನ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗದಲ್ಲಿ ಇದ್ದದ್ದು ಅಪ್ಪನ ಹೆಸರು. ಅಂಚೆ ಡಬ್ಬಿ, ಸಂಬಳದ ಚೀಟಿ, ಮಕ್ಕಳ ಬಾಯಿ, ಎಲ್ಲೆಡೆ ಅದಕ್ಕೆ ಮದಾಂ ಸೇರಿಸಿದರು. ಏಳು ತಿಂಗಳು ಅಪ್ಪನಾಗಿ ಬದುಕಿದೆ.

ಸಸ್ಯಾಹಾರಿ ಎಂದು ಮೂರು ಸಲ ಹೇಳು. ಸಲಾಡಿನ ಮೇಲೆ ಚೂರು ಹಂದಿಮಾಂಸ ಉದುರಿಸಿ, ಮಾಂಸವೇ ಇಲ್ಲ ಎಂದು ಮುಗ್ಧವಾಗಿ ಕೊಡುವವರಿದ್ದಾರೆ. ಅನೇಕ ಚೀಸ್‌ಗಳಲ್ಲಿ ಹಾಲನ್ನು ಒಡೆಯಿಸುವುದು ಕರುವಿನ ಹೊಟ್ಟೆಯ ಪದಾರ್ಥ. ಬೇಕೋ ಬೇಡವೋ ನಿನಗೆ ಬಿಟ್ಟದ್ದು. ಆ ಊರಿನ ಹಸಿರು ಬೇಳೆಕಾಳು ದೇಶಕ್ಕೆಲ್ಲ ಪ್ರಸಿದ್ಧ. ನೋಡಿದ ಕೂಡಲೇ ಸಾರು ಮಾಡಲು ಹೋಗಿ ಸೋತೆ, ಎಷ್ಟು ಬೇಯಿಸಿದರೂ ಕರಗುವುದಿಲ್ಲ. ಅದಕ್ಕೆ ಒಗ್ಗರಣೆ ಹಾಕಿ ಪಲ್ಯ ಮಾಡು. ಸಾರಿಗೆ ಕೆಂಪು ಮಸೂರ ಬೇಳೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಕರಿಬೇವು, ಉದ್ದಿನಬೇಳೆ ಪ್ಯಾರಿಸಿನ ಲಾ ಶಾಪೆಲ್ ಬಡಾವಣೆಯ ತಮಿಳರ ಅಂಗಡಿಗಳಲ್ಲಿ.

ಮಕ್ಕಳು ಒಳ್ಳೆಯವರು, ತಪ್ಪಾದೀತೆಂದು ಬಾಯಿ ಬಿಡುವುದಿಲ್ಲ ಅಷ್ಟೆ. ನನ್ನ ಭಾರತ ದರ್ಶನದ ಚಿತ್ರಗಳಿಗೆ ಆಕಳಿಸಿದರು. ಆಟೋದವರ ಜೊತೆ ಚೌಕಾಸಿ ಮಾಡುವ ಆಟ ಆಡಿಸಿದಾಗ ಪಕ್ಕದ ತರಗತಿಯಿಂದ ದೂರು ಬರುವಷ್ಟು ಇಂಗ್ಲಿಷ್ ಕೂಗಿದರು. ಮನೆಮಾತು ಕನ್ನಡ ಎಂದರೆ ಕೆನಡಾದವಳೇ ಎನ್ನುತ್ತಾರೆ. ಅವರ ಬಾಯಲ್ಲಿ ಆ ದೇಶ ಕನಡಾ. ಅಕ್ಷರ ಬರೆದು ತೋರಿಸು. ಇನ್ನೊಂದು ಮಾತು: ಐವತ್ತೈದರ ಅಧ್ಯಾಪಕಿ ತನ್ನನ್ನು ನೀನು ಎಂದೇ ಕರೆ ಎನ್ನುತ್ತಾರೆ. ನಾಲಿಗೆ ಏಳುವುದಿಲ್ಲ, ಆದರೂ ಕರೆ. ಬಹುವಚನ ಹಿಡಿದು ಕುಳಿತರೆ ಅವರಿಗೆ ಅದು ಗೌರವವಲ್ಲ, ದೂರ.

ನಾನು ಇಲ್ಲೇ ಉಳಿದದ್ದು ಸರಿಯೇ ಎಂಬುದನ್ನು ನೀನು ಮಾರ್ಚಿನಲ್ಲಿ ಕೇಳು. ಅಷ್ಟರೊಳಗೆ ಬಂಡೆಯ ತುದಿಯ ಸಂತ ಮಿಷೆಲ್ ಗುಡಿಯನ್ನು ಹತ್ತಿರುತ್ತೀ. 268 ಮೆಟ್ಟಿಲು, ಚಾಮುಂಡಿ ಬೆಟ್ಟ ಹತ್ತಿದ ಮೈಸೂರಿನವಳಿಗೆ ಲೆಕ್ಕವೇ ಅಲ್ಲ.

ತೂಸಾಂ ರಜೆಗೆ ಮಾತ್ರ ಆ ಕೋಣೆಯಲ್ಲಿ ಇರಬೇಡ. ನಾನೀಗ ಕ್ಲೆರ್ಮೋಂ ನಗರದಲ್ಲಿದ್ದೇನೆ, ಎರಡು ಗಂಟೆ ಚಿಲ್ಲರೆ ರೈಲು. ದೋಸೆ ಹಿಟ್ಟು ಹೀಟರ್ ಪಕ್ಕದಲ್ಲಿಟ್ಟರೆ ಇಲ್ಲೂ ಉಬ್ಬುತ್ತದೆ. ಬರುವಾಗ ನಿಮ್ಮ ಮನೆಯ ಸಾರಿನ ಪುಡಿ ಅರ್ಧ ಕಿಲೋ ತಾ. ನನ್ನದು ಆಗಸ್ಟಿನಲ್ಲೇ ಮುಗಿದಿದೆ.

ನಿನ್ನ ಅಕ್ಕ