ಬೆಳ್ಳಿ ಕಡ್ಡಿಯ ಪುಟ್ಟ ಮುಖ

ಪ್ರಶ್ನೆ: ಹಾಲೆಂಡಿನ ಹಳೆಯ ಕಾಲದ ಚಿತ್ರಗಾರನೊಬ್ಬ ತನ್ನ ಗೆಳೆಯ ಚಿತ್ರಗಾರನ ಮುಖ ಬಿಡಿಸಿದ್ದನ್ನು ಒಂದು ಪುಸ್ತಕದಲ್ಲಿ ನೋಡಿದೆ. 1600ರ ಸುಮಾರಿನದಂತೆ. ಹಾಳೆ ಅಂಗೈಗಿಂತ ಚಿಕ್ಕದು, ಆದರೂ ಹುಬ್ಬಿನ ಕೂದಲು ಎಣಿಸಬಹುದು! ಪೆನ್ಸಿಲಿನಲ್ಲಿ ಅಷ್ಟು ಸಣ್ಣ ಗೆರೆ ಹೇಗೆ ಬಂತು? ಕಾಗದ ದುಬಾರಿ ಅಂತ ಚಿಕ್ಕದಾಗಿ ಬಿಡಿಸಿದರಾ?

ಉತ್ತರ: ಪೆನ್ಸಿಲ್ ಅಲ್ಲ, ಬಹುಶಃ ಬೆಳ್ಳಿ. ಚೂಪು ಮಾಡಿದ ಬೆಳ್ಳಿ ತಂತಿಯನ್ನು ಹಿಡಿಕೆಗೆ ಸಿಕ್ಕಿಸಿಕೊಂಡು ಬಿಡಿಸುತ್ತಿದ್ದರು. ಸುಮ್ನೆ ಬಿಳಿ ಹಾಳೆ ಮೇಲೆ ಎಳೆದರೆ ಗುರುತೇ ಬೀಳುವುದಿಲ್ಲ. ಮೊದಲು ಸುಟ್ಟ ಮೂಳೆಯ ಪುಡಿಯನ್ನು ಅಂಟಿನ ನೀರಲ್ಲಿ ಕಲಸಿ ಹಾಳೆಗೆ ಬಳಿಯಬೇಕು. ಒಣಗಿದ ಮೇಲೆ ಅದು ಸ್ವಲ್ಪ ತರಿತರಿಯಾಗಿರುತ್ತದೆ. ಆ ತರಿ ಬೆಳ್ಳಿಯನ್ನು ಚೂರೇ ಚೂರು ಉಜ್ಜಿ ಹಿಡಿದುಕೊಳ್ಳುತ್ತದೆ. ಅದೇ ಗೆರೆ. ಎಳೆದಾಗ ಬೂದು ಬಣ್ಣ, ವರ್ಷ ಕಳೆದಂತೆ ಕಂದು.

ಚಿತ್ರಕಲೆ ಮೇಷ್ಟ್ರಾದ ನಾನೂ ಈ ಕಡ್ಡಿ ಹಿಡಿದು ನೋಡಿದ್ದೇನೆ. ಜೋರಾಗಿ ಒತ್ತಿದರೆ ಗೆರೆ ಗಾಢವಾಗುವುದಿಲ್ಲ, ಬಳಿದ ಲೇಪವೇ ಕಿತ್ತು ಬರುತ್ತದೆ. ಕೆನ್ನೆಯ ನೆರಳು ಬೇಕಾದರೆ ಗೆರೆ ಪಕ್ಕ ಗೆರೆ, ಅದರ ಮೇಲೆ ಅಡ್ಡಗೆರೆ. ರಬ್ಬರಿನ ಮಾತೇ ಇಲ್ಲ. ತಪ್ಪಾದರೆ ಲೇಪ ಕೆರೆದು ಮತ್ತೆ ಬಳಿಯಬೇಕು. ದೊಡ್ಡ ಹಾಳೆ ತುಂಬಿಸಲು ಹೊರಟರೆ ಪ್ರಾಣ ಹೋಗುತ್ತದೆ. ಪುಟ್ಟ ಮುಖಕ್ಕೆ ಇದು ಹೇಳಿ ಮಾಡಿಸಿದ್ದು.

ಇದರಲ್ಲಿ ಪಳಗಿದವನು ಹಾರ್ಲೆಮ್‌ನ ಹೆಂಡ್ರಿಕ್ ಗೋಲ್ಟ್ಸಿಯಸ್ (1558–1617). ಮಗುವಾಗಿದ್ದಾಗ ಬೆಂಕಿಗೆ ಬಿದ್ದು ಅವನ ಬಲಗೈ ಸುಟ್ಟಿತ್ತು, ಬೆರಳು ಪೂರ್ತಿ ಚಾಚಲು ಬರುತ್ತಿರಲಿಲ್ಲ. ಇದನ್ನು ಬರೆದಿಟ್ಟವನು ಅವನ ಗೆಳೆಯ, ತಾನೂ ಚಿತ್ರಗಾರನೇ ಆದ ಕಾರೆಲ್ ವಾನ್ ಮಾಂಡರ್, 1604ರಲ್ಲಿ. ಆ ಸೊಟ್ಟ ಕೈಯನ್ನೇ ಗೋಲ್ಟ್ಸಿಯಸ್ 1588ರಲ್ಲಿ ಪೆನ್ನಿನಲ್ಲಿ ಬಿಡಿಸಿದ. ಹಾರ್ಲೆಮ್‌ನ ಟೈಲರ್ಸ್ ಮ್ಯೂಸಿಯಂನಲ್ಲಿದೆ. ಉಬ್ಬಿದ ನರ, ಮಡಿಸಿಕೊಂಡ ಬೆರಳು, ಒಂದನ್ನೂ ಮುಚ್ಚಿಟ್ಟಿಲ್ಲ. ಕಸುಬಿನಿಂದ ಅವನು ತಾಮ್ರದ ತಗಡಿನ ಮೇಲೆ ಉಳಿಯಿಂದ ಚಿತ್ರ ಕೆತ್ತುವವನು. ಒತ್ತೊತ್ತಾಗಿ ಅಡ್ಡಗೆರೆ ಎಳೆದು ನೆರಳು ತರುವುದು ಅಲ್ಲಿ ದಿನದ ಕೆಲಸ. ಅದೇ ಕೈ ಬೆಳ್ಳಿ ಕಡ್ಡಿಗೂ ಬಂತು.

ಕಾಗದದ ದುಡ್ಡು ಉಳಿಸಲು ಅಂತ ನನಗನ್ನಿಸುವುದಿಲ್ಲ. 1591ರಲ್ಲಿ ಇಟಲಿಯಲ್ಲಿದ್ದಾಗ ಇದೇ ಗೋಲ್ಟ್ಸಿಯಸ್ ಶಿಲ್ಪಿ ಜಂಬೊಲೋನ್ಯಾನ ಮುಖವನ್ನು ಕೆಂಪು, ಕಪ್ಪು ಚಾಕ್‌ನಲ್ಲಿ ದೊಡ್ಡದಾಗಿಯೇ ಬಿಡಿಸಿದ. ಚಿಕ್ಕದಕ್ಕೆ ಅದರದೇ ಉಪಯೋಗ ಇತ್ತು. ಅದನ್ನು ನೋಡಿಕೊಂಡು ತಗಡಿನ ಮೇಲೆ ಕೆತ್ತಬಹುದು. ಗೆಳೆಯನಿಗೆ ಕೊಟ್ಟರೆ ಅವನು ಡಬ್ಬಿಯಲ್ಲಿಟ್ಟುಕೊಂಡು ಹೋಗಬಹುದು. ಆಗ ಗೆಳೆಯರಿಂದ ನಾಲ್ಕು ಸಾಲು, ಒಂದು ಚಿತ್ರ ಹಾಕಿಸಿಕೊಳ್ಳುವ ಪುಟ್ಟ ಪುಸ್ತಕಗಳ ರೂಢಿಯೂ ಜಾಸ್ತಿ ಇತ್ತು.

ಆದರೆ ಸಣ್ಣ ಗೆರೆಯೆಲ್ಲ ಬೆಳ್ಳಿಯದಲ್ಲ, ಅಲ್ವಾ? ಲೈಡನ್ನಿನ ಡೇವಿಡ್ ಬೈಲಿ ಪುಟ್ಟ ಮುಖಗಳನ್ನು ಪೆನ್ನು, ಶಾಯಿಯಲ್ಲೇ ಬಿಡಿಸುತ್ತಿದ್ದ. ಭೂತಗನ್ನಡಿ ಹಿಡಿದು ನೋಡಿ. ಬೆಳ್ಳಿ ಗೆರೆ ಹೆಚ್ಚುಕಮ್ಮಿ ಒಂದೇ ದಪ್ಪ ಇರುತ್ತದೆ. ಪೆನ್ನಿನದು ಒತ್ತಿದ ಕಡೆ ಉಬ್ಬುತ್ತದೆ. ಅದಕ್ಕೂ ಮೊದಲು ಪುಸ್ತಕದಲ್ಲಿ ಚಿತ್ರದ ಕೆಳಗಿನ ಸಾಲು ಓದಿ. ಅಳತೆ, ಯಾವುದರಲ್ಲಿ ಬಿಡಿಸಿದ್ದು, ಎರಡನ್ನೂ ಸಾಮಾನ್ಯವಾಗಿ ಅಲ್ಲೇ ಹಾಕಿರುತ್ತಾರೆ.